ಬಚ್ಚಲ ಒಲೆಯ ಬಂಗಡೆ

ಬಾಳೆ ಎಲೆ ಕೆಂಡದಲ್ಲಿ ಬಾಡಿ ಅಂಚು ಕರಕಲಾಗುವ ವಾಸನೆ ಬಂದರೆ ಉಳಿದವರಿಗೆ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಕಳೆದ ತಿಂಗಳು ದೊಡ್ಡಪ್ಪನ ಮನೆಯ ಬಚ್ಚಲಲ್ಲಿ, ನೀರು ಕಾಯಿಸುವ ಹಂಡೆಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೀನಿನ ಪೊಟ್ಟಣವನ್ನು ಬೂದಿಯೊಳಗೆ ಹೂಳುತ್ತಿದ್ದೆ. ಅದೇ ವಾಸನೆ ಬಂತು. ಅದರ ಹಿಂದೆಯೇ ಅಪ್ಪನ ಎದೆಯ ಆಪರೇಷನ್ ಆದ ಆ ಚಳಿಗಾಲ ಇಡಿಯಾಗಿ ಎದ್ದು ಬಂತು. ಇಕ್ಕಳದಿಂದ ಕೆಂಡವನ್ನು ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿದೆ.

ನಾನು ಬಸ್ ಕಂಡಕ್ಟರ್. ಶಿರಸಿಯಿಂದ ಯಲ್ಲಾಪುರ, ಅಲ್ಲಿಂದ ಅರಬೈಲ್ ಘಟ್ಟ ಇಳಿದು ಅಂಕೋಲೆ, ಮತ್ತೆ ಅದೇ ದಾರಿಯಲ್ಲಿ ವಾಪಸು. ಘಟ್ಟದ ತಿರುವಿನಲ್ಲಿ ವಾಂತಿ ಮಾಡುವವರನ್ನು, ಐನೂರರ ನೋಟು ಚಾಚಿ ಮುಂದಿನ ಸ್ಟಾಪಿಗೆ ಟಿಕೆಟ್ ಕೇಳುವವರನ್ನು, ಒಂದೇ ಟವೆಲ್ ಹಾಸಿ ಮೂರು ಸೀಟು ಹಿಡಿಯುವವರನ್ನು ವರ್ಷಗಟ್ಟಲೆ ಸಂಭಾಳಿಸಿದ್ದೇನೆ. ಖಾಕಿ ಹಾಕಿಕೊಂಡರೆ ಸಿಟ್ಟು ಅದರ ಜೊತೆಗೇ ಬರುತ್ತದೆ, ಸಂಜೆ ಬಿಚ್ಚಿಟ್ಟರೆ ಹೋಗುತ್ತದೆ. ಆ ಚಳಿಗಾಲದ ಸಿಟ್ಟು ಅಂಥದ್ದಲ್ಲ. ಅದು ನಮ್ಮವರ ಮೇಲೆ, ಪ್ರೀತಿಯಿಂದ ಡಬ್ಬಿ ಹಿಡಿದುಕೊಂಡು ಬಂದವರ ಮೇಲೆ ಬಂದದ್ದು. ಅದಕ್ಕೇ ಇವತ್ತಿನವರೆಗೂ ಹೋಗಿಲ್ಲ.

ನಮ್ಮ ಊರು ಶಿರಸಿಯಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ಒಳಗೆ ಇದೆ. ಗದ್ದೆ, ಕೆರೆ, ಕೆರೆಯ ಆಚೆ ದೊಡ್ಡಪ್ಪನ ಮನೆ, ಈಚೆ ನಮ್ಮದು. ಅಮ್ಮ ಹೋಗಿ ಬಹಳ ವರ್ಷವಾಗಿದೆ, ಮನೆಯಲ್ಲಿ ಅಪ್ಪ ಮತ್ತು ಮಗಳು ನಾನು ಇಬ್ಬರೇ. ದೀಪಾವಳಿ ಮುಗಿದ ಮೇಲೆ ಅಪ್ಪನಿಗೆ ಗದ್ದೆಯ ಬದುವಿನ ಮೇಲೇ ಎದೆನೋವು ಬಂತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಕೊಯ್ಲು ಮುಗಿದು ಅಂಗಳದಲ್ಲಿ ಭತ್ತದ ರಾಶಿ ಬೀಳುವ ಹೊತ್ತಿಗೆ ನಾನು ರಜೆ ಹಾಕಿ ಅವನನ್ನು ಮನೆಗೆ ಕರೆದುಕೊಂಡು ಬಂದೆ. ಎದೆಗೂಡಿನ ನಡುವೆ ಉದ್ದಕ್ಕೆ ಹೊಲಿಗೆ, ಮಾತಿಗೆ ಸ್ವರವಿಲ್ಲ, ಕೆನ್ನೆ ಒಳಗೆ ಹೋಗಿತ್ತು. ನೋಡಿದವರು ಹೆದರುವ ಹಾಗೆ ಇದ್ದದ್ದು ಹೌದು. ಆದರೆ ಡಾಕ್ಟರು ನನಗೆ ಸ್ಪಷ್ಟವಾಗಿ ಹೇಳಿದ್ದರು, ಹೃದಯ ಸರಿಯಾಗಿದೆ, ಇನ್ನು ಉಳಿಯುವುದು ಬಿಡುವುದು ಊಟದ ಮೇಲೆ ನಿಂತಿದೆ ಎಂದು.

ಊಟದ ವಿಷಯದಲ್ಲಿ ಆ ಡಾಕ್ಟರು ನನಗೆ ಮೊದಲ ಸಿಟ್ಟು ತರಿಸಿದರು. ಎಣ್ಣೆಯಲ್ಲಿ ಕರಿದದ್ದು ಕೂಡದು, ತೆಂಗಿನಕಾಯಿ ಕೂಡದು, ಉಪ್ಪು ಚಿಟಿಕೆಗಿಂತ ಹೆಚ್ಚು ಕೂಡದು. ಹಾಗಾದರೆ ಮೀನು ಎಂದು ಅಪ್ಪ ಮಲಗಿದಲ್ಲಿಂದಲೇ ಕೇಳಿದ. "ಮೀನು ಒಳ್ಳೇದು, ಬೇಕ್ ಮಾಡಿ ಕೊಡಿ," ಎಂದು ಹೇಳಿ ಡಾಕ್ಟರು ಪಕ್ಕದ ಹಾಸಿಗೆಗೆ ಹೋಗಿಬಿಟ್ಟರು. ಬೇಕ್ ಮಾಡಬೇಕಂತೆ. ನಮ್ಮ ಮನೆಯಲ್ಲಿ ಎರಡು ಉರಿಯ ಗ್ಯಾಸ್ ಒಲೆ ಇದೆ, ಅದರಲ್ಲಿ ಒಂದು ಸರಿಯಾಗಿ ಹತ್ತುವುದಿಲ್ಲ.

ಊರಲ್ಲಿ ಹುಡುಗಿಯರು ಕುಕ್ಕರಿಗೆ ಮರಳು ತುಂಬಿ ಹುಟ್ಟುಹಬ್ಬದ ಕೇಕ್ ಮಾಡುತ್ತಾರೆ. ನಾನೂ ಮೊದಲು ಅದನ್ನೇ ಮಾಡಿದೆ. ಮೀನು ಮೇಲೆ ಒಣಗಿ ಕಟ್ಟಿಗೆಯಾಯಿತು, ಒಳಗೆ ಹಸಿ ಉಳಿಯಿತು, ಹಲ್ಲಿಗೆ ಮರಳು ಸಿಕ್ಕಿತು. ಅಪ್ಪ ಒಂದು ತುಂಡು ಬಾಯಿಗಿಟ್ಟು ಕೈ ತೊಳೆದ.

"ಇದೆಂತದೇ ಇದು. ಹೆಣದ ಬಾಯಿಗೆ ಹಾಕೋ ಹಾಗಿದೆ."

ಮರುದಿನ ಅಪ್ಪನ ಸ್ನಾನಕ್ಕೆ ನೀರು ಕಾಯಿಸುವಾಗ ಬಚ್ಚಲ ಒಲೆಯ ಕೆಂಡ ನೋಡಿದೆ. ಸಣ್ಣವರಿದ್ದಾಗ ಅದರಲ್ಲಿ ಗೆಣಸು ಹೂಳುತ್ತಿದ್ದೆವು, ಗೇರುಬೀಜ ಸುಡುತ್ತಿದ್ದೆವು. ಚಳಿಗಾಲದಲ್ಲಿ ನಮ್ಮ ಕಡೆ ಆ ಒಲೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಉರಿಯುತ್ತದೆ, ಕೆಂಡಕ್ಕೆ ಬರವಿಲ್ಲ. ಅಂಕೋಲೆಯಿಂದ ಬರುವ ನಮ್ಮ ಬಸ್ಸಿನ ಡ್ರೈವರಿಗೆ ಫೋನ್ ಮಾಡಿ ಬಂಗಡೆ ತರಿಸಿದೆ. ಬೆಳಿಗ್ಗೆ ಸಮುದ್ರದಿಂದ ಬಂದ ಮೀನು ಅರಬೈಲ್ ಹತ್ತಿ, ಯಲ್ಲಾಪುರ ದಾಟಿ, ಮಧ್ಯಾಹ್ನ ಶಿರಸಿ ಸ್ಟ್ಯಾಂಡಿನಲ್ಲಿ ನನ್ನ ಕೈಗೆ ಬಂತು.

ಕಿವಿರು ತೆಗೆದು, ಹೊಟ್ಟೆ ಸೀಳಿ ತೊಳೆದು, ಎರಡೂ ಮೈಗೆ ಓರೆಯಾಗಿ ಗೀರು ಹಾಕಿದೆ. ಶುಂಠಿ, ಬೆಳ್ಳುಳ್ಳಿ, ಅರಿಶಿನ, ಕಾಳುಮೆಣಸು ಅರೆದೆ. ಉಪ್ಪು ಹಾಕದೆ ಒಣಗಿಸಿದ ಮುರುಗಲ ಹಣ್ಣಿನ ಹುಳಿ ಸಿಪ್ಪೆ ಮನೆಯಲ್ಲಿತ್ತು, ಅದನ್ನು ನೆನೆಸಿ ಹಿಂಡಿದೆ. ಉಪ್ಪು ಕಡಿಮೆಯಾದರೆ ಹುಳಿ ಅದನ್ನು ಸ್ವಲ್ಪ ಮರೆಸುತ್ತದೆ. ಬಾಯಿ ಜುಮ್ಮೆನ್ನಿಸುವ ಕಾಡುಕಾಯಿ ಜುಮ್ಮನಕಾಯಿ ಒಂದೆರಡು ಜಜ್ಜಿ ಮೀನಿನ ಹೊಟ್ಟೆಗೆ ತುಂಬಿದೆ, ನಾಲಿಗೆ ಚುರುಗುಟ್ಟಿದರೆ ಎಣ್ಣೆ ಇಲ್ಲದ್ದು ಗೊತ್ತಾಗುವುದಿಲ್ಲ ಎಂಬ ಲೆಕ್ಕ. ಬಾಳೆ ಎಲೆಯನ್ನು ಉರಿಯ ಮೇಲೆ ಆಡಿಸಿ ಮೆತ್ತಗೆ ಮಾಡಿ, ಎರಡು ಸುತ್ತು ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದೆ. ಕೆಂಡ ಸರಿಸಿ, ಬಿಸಿಬೂದಿಯಲ್ಲಿ ಪೊಟ್ಟಣವಿಟ್ಟು, ಮೇಲೆ ಬೂದಿ, ಅದರ ಮೇಲೆ ಕೆಂಡ. ಮೇಲಿನ ಎಲೆ ಕರಕಲಾಗಿ ಒಳಗಿನ ಎಲೆ ಹಸಿರು ಬಿಡುವ ಹೊತ್ತಿಗೆ ಮೀನು ಬೆಂದಿರುತ್ತದೆ. ಇದನ್ನು ಕಲಿಯಲು ನಾನು ಎಷ್ಟು ಬಂಗಡೆ ಸುಟ್ಟು ಹಾಳು ಮಾಡಿದೆನೋ ನಮ್ಮ ನಾಯಿ ಕಾಳನಿಗೇ ಗೊತ್ತು.

ಕೊನೆಗೆ ಒಂದು ದಿನ ಸರಿಯಾಗಿ ಬೆಂದಿತು. ಗಂಜಿಯ ಜೊತೆ ಅಪ್ಪ ಇಡೀ ಮೀನು ತಿಂದು, ಮುಳ್ಳನ್ನು ಎಲೆಯ ಒಂದು ಪಕ್ಕಕ್ಕೆ ಒತ್ತಾಗಿ ಜೋಡಿಸಿದ. ನಾನು ಗೆದ್ದೆ ಅಂದುಕೊಂಡೆ.

ಎರಡು ದಿನ ಕಳೆದು ದೊಡ್ಡಪ್ಪ ಬಂದ.

ಅಪ್ಪನಿಗಿಂತ ದೊಡ್ಡವನು, ಕೂಗಿದರೆ ಕೆರೆಯ ಆಚೆ ದಡಕ್ಕೆ ಕೇಳುವ ಗಂಟಲು. ಅವತ್ತು ಮಾತ್ರ ಮೆಟ್ಟು ಬಿಚ್ಚಿ ಮೆಲ್ಲಗೆ ಒಳಗೆ ಬಂದು ಅಪ್ಪನ ಮಂಚದ ತುದಿಯಲ್ಲಿ ಕೂತ. ಕೈಯಲ್ಲಿ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದ ಕೂಡಲೇ ಹುರಿದ ಇಸ್ವಾಣ ಮೀನಿನ ಘಮ ಮನೆ ತುಂಬಿತು. ದಪ್ಪ ದಪ್ಪ ತುಂಡು, ರವೆ ಹಚ್ಚಿ ಎಣ್ಣೆಯಲ್ಲಿ ಕೆಂಪಗೆ ಕರಿದದ್ದು. ಅಡುಗೆಮನೆಯಲ್ಲಿದ್ದ ನನಗೆ ಅವನ ಮಾತು ಕೇಳಿತು.

"ತಮ್ಮಾ, ಬಾಯಿಗೆ ಎಂತ ಬೇಕು ಹೇಳು. ಇವತ್ತು ಇದು ತಂದಿದ್ದೆ. ನಾಳೆ ಎಂತ ಬೇಕು, ಅದನ್ನ ತರ್ತೆ."

ಹೇಳುತ್ತ ಅವನು ಅಳುತ್ತಿದ್ದ.

ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಮಂಚದ ಹತ್ತಿರ ಬಂದೆ. ಆ ಮಾತು ಏನೆಂದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಉಳಿಯುವುದಿಲ್ಲ ಎಂದು ಖಾತ್ರಿಯಾದ ರೋಗಿಯ ಹತ್ತಿರ ನೆಂಟರು ಒಬ್ಬೊಬ್ಬರಾಗಿ ಬಂದು, ಬಾಯಿಗೆ ಏನು ಬೇಕು ಎಂದು ಕೇಳಿ, ಕೇಳಿದ್ದನ್ನು ತಂದು ತಿನ್ನಿಸಿ ಹೋಗುತ್ತಾರೆ. ಬಾಯಿ ಕೇಳುವುದು ಅನ್ನುತ್ತೇವೆ. ಆಸೆ ಉಳಿಸಿಕೊಂಡು ಹೋದವರ ಎಡೆಯನ್ನು ಕಾಗೆ ಮುಟ್ಟುವುದಿಲ್ಲವಲ್ಲ, ಆ ಹೆದರಿಕೆ. ಅಮ್ಮನಿಗೂ ಬಾಯಿ ಕೇಳಿದ್ದೆವು. ಅವಳು ಬಿಸಿ ಜೋನಿಬೆಲ್ಲ ಕೇಳಿದಳು. ಆಲೆಮನೆಯ ಕಾಲ ಇನ್ನೂ ಬಂದಿರಲಿಲ್ಲ. ಅಪ್ಪ ಸಿದ್ದಾಪುರದ ಕಡೆ ಎಲ್ಲೋ ಮೊದಲು ಕಬ್ಬು ಕಡಿದವರ ಮನೆ ಹುಡುಕಿ, ಬೆಲ್ಲವನ್ನು ಫ್ಲಾಸ್ಕಿನಲ್ಲಿ ತಂದ. ಅವಳು ಬೆರಳಲ್ಲಿ ಅದ್ದಿ ಒಂದು ಸಲ ಚೀಪಿದಳು. ಅಮ್ಮನಿಗೆ ಅದು ಬೇಕಿತ್ತು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

ಆದರೆ ಅಪ್ಪ ಸಾಯುತ್ತಿರಲಿಲ್ಲ. ಸಾಯದ ಮನುಷ್ಯನಿಗೆ ಬಾಯಿ ಕೇಳಲು ಬಂದಿದ್ದರು.

"ದೊಡ್ಡಪ್ಪ, ಅವನಿಗೆ ಕರಿದದ್ದು ಕೊಡುವಂತಿಲ್ಲ. ಡಾಕ್ಟರು ಹೇಳಿದ್ದಾರೆ," ಎಂದೆ.

"ಒಂದು ತುಂಡಿಗೆ ಎಂತ ಆಗ್ತದೆ. ಪಾಪ, ಎಂತೆಂತಾ ಮೀನು ತಿಂತಿದ್ದವ."

ಆ ಪಾಪ ಎಂಬ ಶಬ್ದವನ್ನು ನಾನು ಆ ಚಳಿಗಾಲದಲ್ಲಿ ಎಷ್ಟು ದ್ವೇಷಿಸಿದೆನೋ ಹೇಳಲಾರೆ. ಅಪ್ಪನೋ, ಡಬ್ಬಿಯನ್ನೇ ನೋಡುತ್ತಿದ್ದ. ನಾನು ಡಬ್ಬಿ ಎತ್ತಿಕೊಂಡು ಒಳಗೆ ಹೋದೆ. ಬೇಯಿಸಿ ತಂದದ್ದನ್ನು ತಿರುಗಿ ಕಳಿಸಿದರೆ ದೊಡ್ಡ ಅವಮಾನ, ಇಟ್ಟುಕೊಂಡರೆ ಅಪ್ಪ ಬಿಡುವುದಿಲ್ಲ. ಹಿತ್ತಲ ಬಾಗಿಲಿಗೆ ಹೋಗಿ ಎಲ್ಲವನ್ನೂ ಕಾಳನಿಗೆ ಹಾಕಿದೆ. ಡಬ್ಬಿ ಕೇಳಿಕೊಂಡು ದೊಡ್ಡಪ್ಪ ಹಿಂದೆಯೇ ಬಂದ. ಇಸ್ವಾಣದ ಕೊನೆಯ ತುಂಡು ನಾಯಿಯ ಬಾಯಲ್ಲಿತ್ತು.

"ನನ್ನ ತಮ್ಮಂಗೆ ತಂದಿದ್ದು ನಾಯಿಗೆ ಹಾಕ್ತೀಯೇನೇ ನೀನು?"

"ಅವನಿಗೆ ಹಾಕಿದ್ರೆ ಅವನು ಸಾಯ್ತಾನೆ."

"ನಾಳೆ ಆಸೆ ಉಳ್ಕೊಂಡು ಹೋದ, ಕಾಗೆ ಮುಟ್ಟಲಿಲ್ಲ, ಆಗ ಯಾರ ಹತ್ರ ಅಳ್ತೀಯೇ?"

"ಕಾಗೆ ಕರೆಯೋದಕ್ಕೆ ನನ್ನಪ್ಪ ಇನ್ನೂ ಸತ್ತಿಲ್ಲ ದೊಡ್ಡಪ್ಪ. ನಿಂಗೆ ಅಷ್ಟು ಗಡಿಬಿಡಿ ಎಂತಕ್ಕೆ?"

ಅವನು ಖಾಲಿ ಡಬ್ಬಿ ಕಿತ್ತುಕೊಂಡು ಹೋದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಅಪ್ಪನ ಬಾಯಿಗೆ ಬೂದಿಯ ಮೀನು, ನಾಯಿಯ ಬಾಯಿಗೆ ಇಸ್ವಾಣ. ಕಂಡಕ್ಟರ್ ಕೆಲಸ ಮಾಡಿ ಮಾಡಿ ಕರುಳು ಕಲ್ಲಾಗಿದೆ ಎಂದರಂತೆ. ಅನ್ನಲಿ ಎಂದು ಬಿಟ್ಟೆ.

ಬಿಟ್ಟರೂ ಅವರು ಬಿಡಬೇಕಲ್ಲ. ದೊಡ್ಡಪ್ಪ ಬಾಯಿ ಕೇಳಿ ಬಂದ ಎಂದರೆ ಉಳಿದವರಿಗೆ ಅದು ಕರೆ ಕಳಿಸಿದ ಹಾಗೆ. ಒಬ್ಬರು ಕೋಳಿ ಸಾರು ತಂದರು, ಇನ್ನೊಬ್ಬರು ತುಪ್ಪದಲ್ಲಿ ಮುಳುಗಿದ ಹೋಳಿಗೆ ತಂದರು, ದಾರಿಯಲ್ಲಿ ಸಿಕ್ಕವರು ಅಂಗಡಿಯ ಬಜ್ಜಿ ಕಟ್ಟಿಸಿಕೊಂಡು ಬಂದರು. ಬಂದವರೆಲ್ಲ ಬಾಗಿಲಲ್ಲೇ ಮುಖ ಸಣ್ಣ ಮಾಡಿಕೊಂಡು, ಅಪ್ಪನ ಕೈ ಹಿಡಿದು ಹಳೆಯ ಕತೆ ತೆಗೆದು, ಕಣ್ಣೊರೆಸಿಕೊಂಡು ಹೋಗುವರು. ಚಹ ಮಾಡಿ ಮಾಡಿ ನನಗೆ ಸಾಕಾಯಿತು. ಬಸ್ಸಿನಲ್ಲಾದರೆ ಸೀಟಿ ಊದಿ ಇಳಿಸಿಬಿಡುತ್ತಿದ್ದೆ. ಮನೆಗೆ ಬಂದ ನೆಂಟರನ್ನು ಇಳಿಸಲು ಸೀಟಿ ಇಲ್ಲ.

ಸಿದ್ದಾಪುರದಿಂದ ಗಂಗತ್ತೆ ಬಂದು ಉಳಿದಳು. ಅಪ್ಪನ ತಂಗಿ. ನನಗೆ ಸಹಾಯಕ್ಕೆಂದು ಬಂದಳು ಅಂದುಕೊಂಡೆ. ಬಂದ ದಿನವೇ ಬಚ್ಚಲಿಗೆ ಬಂದು ನನ್ನ ಪೊಟ್ಟಣ ನೋಡಿ ಮೂಗು ಮುಚ್ಚಿಕೊಂಡಳು.

"ಬಚ್ಚಲಲ್ಲಿ ಬೇಯಿಸಿದ್ದು ಅಣ್ಣಂಗೆ ಹಾಕ್ತೀಯೇನೇ?"

"ಇದೇ ಒಲೆಯ ಗೆಣಸು ನೀನು ತಿಂದಿದ್ದಿಲ್ವಾ ಅತ್ತೆ?"

"ಗೆಣಸು ಬೇರೆ, ಮೀನು ಬೇರೆ," ಎಂದಳು. ಹೇಗೆ ಬೇರೆ ಎಂದು ಹೇಳಲಿಲ್ಲ.

ಅವಳು ಬಂದ ಮೇಲೆ ಅಪ್ಪ ನನ್ನ ಮೀನನ್ನು ಕೆದಕಿ ಬಿಡತೊಡಗಿದ. ಹಸಿವಿಲ್ಲ ಎನ್ನುವನು. ಆದರೆ ಕಾಲು ಊದಿಕೊಳ್ಳುತ್ತಿತ್ತು, ಬೆರಳಿಟ್ಟು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಒಂದು ಸಂಜೆ ಅಪ್ಪನಿಗೆ ಉಸಿರು ಎಳೆಯಲು ಕಷ್ಟವಾಯಿತು. ಬಾಡಿಗೆ ಕಾರಿನಲ್ಲಿ ಶಿರಸಿಗೆ ಒಯ್ದೆವು. ಅಲ್ಲಿಯ ಡಾಕ್ಟರು ಕಾಲು ನೋಡಿ, ಎದೆಗೆ ಕೊಳವೆ ಇಟ್ಟು ನೋಡಿ, ನನ್ನನ್ನೇ ಬೈದರು. ಇಷ್ಟು ಉಪ್ಪು ಯಾರು ತಿನ್ನಿಸಿದ್ದು, ಓದಿದವರಲ್ಲವೇ ನೀವು, ಎಂದರು. ಮಾರನೇ ದಿನ ಮನೆಗೆ ಬಂದು ಅಪ್ಪನ ಹಾಸಿಗೆ ಕೊಡವಿದೆ. ಮಂಚದ ಹಿಂದಿನ ಕಿಟಕಿಯ ಸಂದಿಯಲ್ಲಿ ಕಾಗದದ ಪೊಟ್ಟಣಗಳಿದ್ದವು. ಹುರಿದ ತಾರ್ಲೆ ಮೀನಿನ ಮುಳ್ಳು, ಉಪ್ಪುಮೀನಿನ ತಲೆ, ಉಪ್ಪಿನಕಾಯಿ ಮಾವಿನ ಓಟೆ. ಗಂಗತ್ತೆ ಹೊತ್ತು ಹೊತ್ತಿಗೆ ಸೆರಗಿನಲ್ಲಿ ತಂದು ತಿನ್ನಿಸಿದ್ದಳು.

ಆಸ್ಪತ್ರೆಗೆ ಹೋಗಿ ಬಂದ ಸುದ್ದಿ ಹಬ್ಬಿ, ನಾವು ಹೇಳಿರಲಿಲ್ಲವೇ, ಇನ್ನು ಬಹಳ ದಿನ ಇಲ್ಲ ಎಂದು ಇನ್ನಷ್ಟು ಜನ ಇನ್ನಷ್ಟು ಡಬ್ಬಿ ತಂದರು. ಅವರು ತಿನ್ನಿಸಿದಷ್ಟೂ ಇವನಿಗೆ ಹೆಚ್ಚಾಗುತ್ತಿತ್ತು. ಇವನಿಗೆ ಹೆಚ್ಚಾದಷ್ಟೂ ಅವರು ತಿನ್ನಿಸುತ್ತಿದ್ದರು. ಒಬ್ಬ ಮನುಷ್ಯನನ್ನು ಎಲ್ಲರೂ ಸೇರಿ, ಅಳುತ್ತ, ಮುದ್ದಿನಿಂದ, ಸಾಯಿಸುತ್ತಿದ್ದರು. ಕೇಸು ಹಾಕೋಣವೆಂದರೆ ಯಾರ ಮೇಲೆ ಹಾಕುವುದು.

ಗಂಗತ್ತೆಯನ್ನು ಅಂಗಳಕ್ಕೆ ಕರೆದು ಮುಳ್ಳಿನ ಪೊಟ್ಟಣ ಅವಳ ಕೈಯಲ್ಲಿಟ್ಟೆ.

"ಅವ ಕೇಳಿದ, ಕೊಟ್ಟೆ," ಎಂದು ಅವಳು ಅತ್ತಳು. "ನಮ್ಮಣ್ಣ ಕೇಳಿದ್ರೆ ಇಲ್ಲ ಅನ್ಲಾ? ಅಷ್ಟು ಕಲ್ಲು ಮನಸ್ಸು ನಂಗಿಲ್ಲ."

"ಇಲ್ಲ ಅಂದಿದ್ರೆ ಅವನು ಶಿರಸಿಗೆ ಹೋಗ್ತಿರಲಿಲ್ಲ."

"ನೀ ಎಷ್ಟು ಹೊಡೆದಾಡಿದ್ರೂ ಹೋಗೋ ಜೀವ ಹೋಗ್ತದೆ ಸುಮಿ. ತಿಂದ್ಕೊಂಡಾದ್ರೂ ಹೋಗ್ಲಿ."

ಹೀಗೆ ಹೇಳುವಾಗ ಅವಳ ಮುಖದಲ್ಲಿ ಕಪಟವಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಅವಳನ್ನು ಸಂಜೆಯ ಬಸ್ಸಿಗೆ ಹತ್ತಿಸಿದೆ. ಟಿಕೆಟ್ ನಾನೇ ತೆಗೆದುಕೊಟ್ಟೆ.

ತಿರುಗಿ ಬಂದು ಅಪ್ಪನ ಮುಂದೆ ಕೂತೆ. ಅವನು ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ಗೋಡೆ ನೋಡುತ್ತಿದ್ದ. ಬೈಯಬೇಕೆಂದೇ ಕೂತಿದ್ದೆ, ಬಾಯಿಗೆ ಬೇರೆಯೇ ಬಂತು.

"ಅಪ್ಪಾ, ಅವರೆಲ್ಲ ಯಾಕೆ ಡಬ್ಬಿ ತರ್ತಿದ್ದಾರೆ, ಗೊತ್ತಾ ನಿಂಗೆ?"

"ನೋಡಕ್ಕೆ ಬರ್ತಾರೆ. ಬರುವಾಗ ಬರಿ ಕೈಯಲ್ಲಿ ಬರ್ತಾರಾ?"

"ಬಾಯಿ ಕೇಳಕ್ಕೆ ಬರ್ತಿದ್ದಾರೆ."

ಅವನು ನನ್ನ ಕಡೆ ತಿರುಗಿದ. ಎಷ್ಟೋ ಜನರಿಗೆ ಬಾಯಿ ಕೇಳಲು ಹೋಗಿದ್ದವನು, ಅಮ್ಮನಿಗಾಗಿ ಫ್ಲಾಸ್ಕು ಹಿಡಿದು ಓಡಿದವನು, ತನಗೇ ಅದು ನಡೆಯುತ್ತಿದೆ ಎಂದು ಅವನಿಗೆ ಹೊಳೆದಿರಲೇ ಇಲ್ಲ. ತನ್ನ ಮೇಲೆ ಜನಕ್ಕೆ ಇಷ್ಟೊಂದು ಪ್ರೀತಿ ಇತ್ತೇ ಎಂದು ಒಳಗೊಳಗೇ ಹಿಗ್ಗಿದ್ದನಂತೆ.

"ನಂಗಾ?" ಎಂದ. ಹೊದಿಕೆಯ ಅಂಚು ಹಿಡಿದುಕೊಂಡು, "ಅಣ್ಣ ಅತ್ತಿದ್ದು ಅದಕ್ಕಾ?" ಎಂದ.

ಹೌದು ಎಂದೆ. ಹೇಳಬಾರದಿತ್ತು ಎಂದು ಆಮೇಲೆ ಎಷ್ಟೋ ಜನ ನನಗೆ ಹೇಳಿದರು. ನಾನು ಹಾಗೆ ಅಂದುಕೊಂಡಿಲ್ಲ. ಸಾಯುತ್ತಿದ್ದಾನೆಂದು ಊರಿಗೆಲ್ಲ ಗೊತ್ತಿದ್ದು ಅವನೊಬ್ಬನಿಗೆ ಗೊತ್ತಿಲ್ಲದೆ ಇರುವುದು ಯಾವ ನ್ಯಾಯ?

ಅವನು ಹೆದರಿದ. ಅನ್ನ ಬೇಡವೆಂದ, ಮೀನೂ ಬೇಡವೆಂದ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಹೊದಿಕೆ ಎಳೆದುಕೊಂಡು ಗೋಡೆಗೆ ಮುಖ ಮಾಡುತ್ತಿದ್ದ. ನಾನು ದಿನವೂ ಪೊಟ್ಟಣ ಕಟ್ಟಿ ಬೂದಿಯಲ್ಲಿ ಇಡುವುದು, ಬಿಡಿಸಿ ಅವನ ಮುಂದಿಡುವುದು, ತಣ್ಣಗಾದ ಮೇಲೆ ಎತ್ತುವುದು. ಅಲುಗಾಡದೆ ಬಿದ್ದುಕೊಂಡಿದ್ದ ಆ ಬೆನ್ನಿನ ಮೇಲೂ ನನಗೆ ಸಿಟ್ಟು ಬಂತು. ಕರಿದ ಮೀನು ಕದ್ದು ತಿನ್ನಲು ಇದ್ದ ಧೈರ್ಯ ಬದುಕಲು ಇಲ್ಲವೇ ಎಂದು ಒಂದು ದಿನ ಅಂದುಬಿಟ್ಟೆ. ಆ ಸಂಜೆ ಅವನು ಎದ್ದು ಕೂತು ಬಂಗಡೆಯ ಅರ್ಧ ಮೈ ತಿಂದ.

ಆಮೇಲೆ ಹಾನಗಲ್ಲಿನ ಕಡೆಯ ನಮ್ಮ ದೂರದ ಬೀಗರು ಬಂದರು. ಮದುವೆ ಬಿಟ್ಟರೆ ಸಾವಿಗೆ ಮಾತ್ರ ಬರುವ ಜನ. ದಾರಿ ತೋರಿಸಲು ದೊಡ್ಡಪ್ಪ ಜೊತೆಗೆ ಬಂದಿದ್ದ. ನಾಯಿಯ ಜಗಳದ ನಂತರ ಮೊದಲ ಸಲ ನಮ್ಮ ಹೊಸಿಲು ತುಳಿದವನು ಬಾಗಿಲ ಹತ್ತಿರವೇ ನಿಂತ. ಬೀಗರ ಹಿರಿಯ ಅಪ್ಪನ ಕೈ ಹಿಡಿದುಕೊಂಡ.

"ಬಾಯಿಗೆ ಏನ್ ಬೇಕು ಹೇಳ್ರಿ ಮಾವಾರ. ಏನಿದ್ರೂ ನಾಳಿಗೆ ಮುಟ್ಟಿಸ್ತೀನಿ."

ನಾನು ಬಚ್ಚಲಿನಿಂದ ಇಕ್ಕಳ ಹಿಡಿದೇ ಹೊರಗೆ ಬಂದೆ. ಇವತ್ತು ಏನಾದರೂ ಆಗಲಿ, ಹೇಳಿಯೇ ಬಿಡುತ್ತೇನೆ ಎಂದು ಬಂದಿದ್ದೆ. ಅಷ್ಟರಲ್ಲಿ ಅಪ್ಪ ಹೊದಿಕೆ ಸರಿಸಿ ಕಾಲು ಕೆಳಗೆ ಬಿಟ್ಟು ಕೂತ.

"ಹೊಸಕ್ಕಿ ಅನ್ನ ಬೇಕು," ಎಂದ.

"ಅಷ್ಟ ಏನ್ರಿ? ಹೊರಗ ರಾಶಿನ ಐತಲ್ರಿ."

"ಅದು ಈ ವರ್ಷದ್ದು. ನಂಗೆ ಮುಂದಿನ ವರ್ಷದ್ದು ಬೇಕು. ಇನ್ನೂ ಬಿತ್ತದೇ ಇದ್ದಿದ್ದು. ಅದನ್ನ ಬಿತ್ತಿ, ನೆಟ್ಟಿ ಮಾಡಿ, ಕೊಯ್ದು, ಅಕ್ಕಿ ಮಾಡ್ಸಿ ತಂದು ಹಾಕಿ. ಅಲ್ಲಿವರೆಗೆ ನಮ್ಮ ಮಗಳು ಬೂದಿಯಲ್ಲಿ ಬೇಯಿಸಿದ ಮೀನು ತಿಂತೆ. ಬೇರೆ ಎಂತ ತಂದ್ರೂ ನಾಯಿಗೆ ಹಾಕ್ತೆ. ಅಣ್ಣಂಗೂ ಕೇಳ್ಸಲಿ."

ಆಪರೇಷನ್ ಆದ ಮೇಲೆ ಅವನು ಅಷ್ಟು ಉದ್ದ ಮಾತಾಡಿದ್ದೇ ಇಲ್ಲ. ಕೊನೆಗೆ ದಮ್ಮು ಕಟ್ಟಿ ಕೆಮ್ಮಿದ. ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಪ್ಪ ಮೆಟ್ಟು ಹಾಕಿಕೊಂಡು ಕೆರೆಯ ದಂಡೆಯ ಮೇಲೆ ಹೊರಟೇಬಿಟ್ಟ. ನಾನು ಇಕ್ಕಳ ಕೆಳಗಿಟ್ಟು ಅಪ್ಪನಿಗೆ ನೀರು ಕೊಟ್ಟೆ, ನೆಂಟರಿಗೆ ಚಹ ಕೊಟ್ಟೆ. ಆಮೇಲೆ ನಮ್ಮ ಮನೆಗೆ ಡಬ್ಬಿ ಬರುವುದು ನಿಂತಿತು. ಶಿವರಾತ್ರಿಯ ಹೊತ್ತಿಗೆ ಅಪ್ಪನ ಕಾಲಿನ ಬಾವು ಇಳಿದು ಅವನು ಅಂಗಳಕ್ಕೆ ಬಂದ, ಯುಗಾದಿಗೆ ಗದ್ದೆಯವರೆಗೆ ನಡೆದ. ನಾನು ಖಾಕಿ ಹಾಕಿಕೊಂಡು ಕೆಲಸಕ್ಕೆ ಹೋದೆ.

ಮುಂದಿನ ಸುಗ್ಗಿಯಲ್ಲಿ ದೊಡ್ಡಪ್ಪ ಒಂದು ಬೆಳಿಗ್ಗೆ ಬಂದು, ತನ್ನ ಗದ್ದೆಯ ಹೊಸಕ್ಕಿಯ ಗಂಟೊಂದನ್ನು ನಮ್ಮ ಜಗಲಿಯ ಮೇಲೆ ಇಟ್ಟು ಹೋದ. ಕೂರಲಿಲ್ಲ, ನಮ್ಮದು ತಪ್ಪಾಯಿತು ಎನ್ನಲಿಲ್ಲ. ಅಪ್ಪ ಆ ಅನ್ನವನ್ನು ಬೂದಿಯ ಬಂಗಡೆಯ ಜೊತೆ ಕಣ್ಣು ಮುಚ್ಚಿಕೊಂಡು ತಿಂದ. ನಾನು ಅದನ್ನು ಬಡಿಸಿಕೊಳ್ಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಊರಲ್ಲಿ ಬೇರೆ ಕತೆ ಶುರುವಾಗಿತ್ತು. ನಾವೆಲ್ಲ ಅಷ್ಟು ತಿನ್ನಿಸಿದ್ದಕ್ಕೇ ಅವನಿಗೆ ಶಕ್ತಿ ಬಂದು ಉಳಿದ ಎಂದು ಗಂಗತ್ತೆ ಈಗಲೂ ಮದುವೆ ಮನೆಗಳಲ್ಲಿ ಹೇಳುತ್ತಾಳೆ. ಕೇಳಿದವರು ತಲೆ ಆಡಿಸುತ್ತಾರೆ. ನಾನು ಎದ್ದು ಕೈ ತೊಳೆಯಲು ಹೋಗುತ್ತೇನೆ.

ವರ್ಷಗಳು ಹೋದವು. ಕಳೆದ ತಿಂಗಳು ನಾನು ಅರಬೈಲ್ ಇಳಿಯುತ್ತಿದ್ದಾಗ ದೊಡ್ಡಪ್ಪನ ಮಗ ಮಾದೇವ ಫೋನ್ ಮಾಡಿದ. ದೊಡ್ಡಪ್ಪನ ಕಿಡ್ನಿ ಸೋತಿದೆ, ಮೈ ಊದಿಕೊಂಡಿದೆ ಎಂದು ನನಗೆ ಗೊತ್ತಿತ್ತು. ಶಿರಸಿಯ ಡಾಕ್ಟರು ಉಪ್ಪು ನಿಲ್ಲಿಸಿ, ಮಾತ್ರೆ ಕೊಟ್ಟು, ಮತ್ತೆ ಬನ್ನಿ ನೋಡೋಣ ಎಂದಿದ್ದರು.

"ಸುಮಿ, ಅಪ್ಪಂಗೆ ಬಾಯಿ ಕೇಳಿದ್ವಿ ಮಾರಾಯ್ತಿ," ಎಂದ ಮಾದೇವ. ದನಿ ಒದ್ದೆಯಾಗಿತ್ತು. "ನೀ ಚಿಕ್ಕಪ್ಪಂಗೆ ಮಾಡ್ತಿದ್ಯಲ್ಲ, ಬೂದಿಯ ಮೀನು. ಅದು ಬೇಕಂತೆ. ಒಂದ್ಸಲ ಬಂದು ಮಾಡ್ಕೊಟ್ಟು ಹೋಗ್ತ್ಯಾ?"

ಬಸ್ಸು ತಿರುವಿನಲ್ಲಿತ್ತು. ನಾನು ಕಂಬ ಹಿಡಿದು ನಿಂತೆ. ಇವರು ಕಲಿಯುವುದೇ ಇಲ್ಲ. ಡಾಕ್ಟರು ಮತ್ತೆ ಬನ್ನಿ ಎಂದಿದ್ದಾರೆ, ಇವರು ಕಾಗೆ ಕರೆಯಲು ಕೂತಿದ್ದಾರೆ. ಆ ದಡ್ಡ ಮುದುಕನೋ, ಜಗತ್ತಿನಲ್ಲಿ ಕೇಳಲು ಏನೆಲ್ಲ ಇದ್ದೂ, ಯಾವುದನ್ನು ಬೂದಿಯ ಮೀನು ಎಂದು ಹೀಯಾಳಿಸಿ ಊರೆಲ್ಲ ನಗಾಡಿಸಿದ್ದನೋ ಅದನ್ನೇ ಕೇಳಿದ್ದಾನೆ. ನನ್ನ ಮೀನು ಬದುಕುವವರ ಊಟ. ಅದನ್ನು ನನ್ನ ಕೈಯಿಂದಲೇ ಸಾವಿನ ಬುತ್ತಿ ಮಾಡಿಸಲು ಹೊರಟಿದ್ದರು. ಬರುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಅಂಕೋಲೆಯಲ್ಲಿ ಇಳಿದು ಸೀದಾ ಮೀನುಪೇಟೆಗೆ ಹೋಗಿ ಎರಡು ಬಂಗಡೆ ಕೊಂಡೆ.

ಸಂಜೆ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೆರೆಯ ಆಚೆ ಹೋದೆ. ಮನೆ ತುಂಬ ನೆಂಟರು. ಗಂಗತ್ತೆ ಬಾಗಿಲಲ್ಲೇ ಸೆರಗು ಹಿಡಿದು ಕೂತಿದ್ದಳು. ಮೇಜಿನ ಮೇಲೆ ಡಬ್ಬಿಗಳ ಸಾಲು. ಯಾರನ್ನೂ ಮಾತಾಡಿಸದೆ ಮಾದೇವನ ಅಡುಗೆಮನೆಗೆ ಹೋದೆ. ಎಲ್ಲರೂ ನೋಡುತ್ತಿದ್ದ ಹಾಗೆ ಎರಡೂ ಮೀನು ಹೊರಗೆ ತೆಗೆದು, ಒಂದನ್ನು ತೊಳೆದು ಡಬ್ಬಿಗೆ ಹಾಕಿ ಅವರ ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದೆ.

"ಅದನ್ನ ಯಾಕೆ ಇಟ್ಟೆ? ಎರಡೂ ಮಾಡ್ಬೇಕಿತ್ತು. ಬಾಯಿ ಕೇಳಿ ತಂದಿದ್ದು ಉಳಿಸ್ಬಾರ್ದು," ಎಂದಳು ಗಂಗತ್ತೆ.

"ಅದು ನಾಳೆಗೆ," ಎಂದೆ.

ನಾನು ಬಚ್ಚಲಿಗೆ ಹೋಗಿ ಒಲೆಯ ಮುಂದೆ ಕೂತೆ. ಎಲೆಯ ವಾಸನೆ ಬಂತು, ಸಿಟ್ಟು ಬಂತು, ಅದನ್ನೆಲ್ಲ ಮೊದಲೇ ಹೇಳಿದ್ದೇನೆ.

ಪೊಟ್ಟಣ ಬಿಡಿಸಿ ತಟ್ಟೆಯಲ್ಲಿ ಒಯ್ದಾಗ ಅಪ್ಪ ತನ್ನ ಅಣ್ಣನ ಮಂಚದ ತುದಿಯಲ್ಲಿ ಕೂತಿದ್ದ. ಹಿಂದೆ ದೊಡ್ಡಪ್ಪ ಡಬ್ಬಿ ಹಿಡಿದು ಕೂತ ಹಾಗೆಯೇ. ದೊಡ್ಡಪ್ಪನ ಮುಖ ಊದಿತ್ತು, ಕಣ್ಣು ಸಣ್ಣಗಾಗಿತ್ತು. ಆ ಗಂಟಲಿನಲ್ಲಿ ಈಗ ಸ್ವರವೇ ಇರಲಿಲ್ಲ.

"ನಿಂಗೆ ಕೇಳಕ್ಕೂ ಬರೋದಿಲ್ಲ ಅಣ್ಣಾ," ಎನ್ನುತ್ತಿದ್ದ ಅಪ್ಪ. "ಕೇಳೋದಾದ್ರೆ ಮುಂದಿನ ವರ್ಷದ್ದು ಕೇಳ್ಬೇಕು. ಇವಳು ಇವತ್ತೇ ತಂದ್ಬಿಟ್ಲಲ್ಲ."

ದೊಡ್ಡಪ್ಪನಿಗೆ ನಗು ಬಂತೋ ಕೆಮ್ಮು ಬಂತೋ ತಿಳಿಯಲಿಲ್ಲ. ನಾನು ನೆಲದ ಮೇಲೆ ಕೂತು, ಮುಳ್ಳು ಬಿಡಿಸಿ, ಮೀನಿನ ಬೆನ್ನಿನ ಭಾಗವನ್ನು ಗಂಜಿಗೆ ಕಲಸಿ ಅವನ ಬಾಯಿಗೆ ಇಟ್ಟೆ. ಅವನು ನಿಧಾನಕ್ಕೆ ಅಗಿದ. ಹಿಂದೆ ನಿಂತ ನೆಂಟರಲ್ಲಿ ಯಾರೋ ಮೂಗು ಎಳೆದರು. ನುಂಗಿದ ಮೇಲೆ ದೊಡ್ಡಪ್ಪ ಮುಖ ಕಿವುಚಿದ.

"ಉಪ್ಪೇ ಇಲ್ಲ ಇದಕ್ಕೆ," ಎಂದ.

"ಇಲ್ಲ," ಎಂದೆ. "ನಾಳೆನೂ ಇರೋದಿಲ್ಲ."

ಅವನು ಇನ್ನೊಂದು ತುತ್ತಿಗೆ ಬಾಯಿ ತೆರೆದ.